ಶ್ರೀರಂಗಪಟ್ಟಣದ ಒಪ್ಪಂದ ಬರೆಸಿದ ಪ್ರಭು: ಕಾರ್ನ್‌ವಾಲಿಸನ ರಾಜಕೀಯ ಜೀವನ

ಜತ್ತದಿಂದ ಪಶ್ಚಿಮಕ್ಕೆ, ಇದೇ ಸಾಂಗಲಿ ಜಿಲ್ಲೆಯ ತಾಸಗಾಂವದಲ್ಲಿ, ಒಂದು ಗಣಪತಿ ದೇವಾಲಯವಿದೆ. ಅದರ ದ್ವಾರದ ಮೇಲೆ ಏಳು ಅಂತಸ್ತಿನ ಗೋಪುರ ನಿಂತಿದೆ. ಮರಾಠಿ ನಾಡಿನ ದೇವಾಲಯಗಳಲ್ಲಿ ಇಂತಹ ಗೋಪುರ ಅಪರೂಪ. ಅದು ದ್ರಾವಿಡ ದೇಶದ ವಾಸ್ತು ಪದ್ಧತಿ. ಈ ದೇವಾಲಯವನ್ನು ಕಟ್ಟಿಸಿದವನು ಪೇಶ್ವೆಯ ಸರದಾರ ಪರಶುರಾಮಭಾವು ಪಟವರ್ಧನ. ದಂಡಯಾತ್ರೆಗಳ ನಿಮಿತ್ತ ಅವನು ದಕ್ಷಿಣದ ಕನ್ನಡ ಸೀಮೆಯನ್ನೆಲ್ಲ ಸುತ್ತಿದವನು. 1791ರ ಮೇ ತಿಂಗಳ ಕೊನೆಯಲ್ಲಿ, ಮೇಲುಕೋಟೆಯ ಸಮೀಪದಲ್ಲಿ, ಅವನ ಸೈನ್ಯಕ್ಕೆ ಮತ್ತೊಂದು ಸೈನ್ಯ ಎದುರಾಯಿತು. ಎತ್ತುಗಳು ಸತ್ತು, ದವಸ ತೀರಿ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗುತ್ತಿದ್ದ ಇಂಗ್ಲಿಷರ ಸೈನ್ಯ ಅದು. ಅದರ ನಾಯಕ ಅರ್ಲ್ ಚಾರ್ಲ್ಸ್ ಕಾರ್ನ್‌ವಾಲಿಸ್, ಕಂಪನಿ ಸರಕಾರದ ಗವರ್ನರ್ ಜನರಲ್.

ಇತಿಹಾಸದ ಪಠ್ಯಪುಸ್ತಕಗಳಲ್ಲಿ ಕಾರ್ನ್‌ವಾಲಿಸನ ಹೆಸರು ಎರಡು ಕಡೆ ಕಾಣಿಸಿಕೊಳ್ಳುತ್ತದೆ: ಬಂಗಾಳದ ಕಾಯಂ ಜಮೀನ್ದಾರಿ ಪದ್ಧತಿಯಲ್ಲಿ ಮತ್ತು ಶ್ರೀರಂಗಪಟ್ಟಣದ ಒಪ್ಪಂದದಲ್ಲಿ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಎರಡನೆಯದು ಹೆಚ್ಚು ಸಮೀಪದ ವಿಷಯ. 1792ರ ಆ ಒಪ್ಪಂದವು ಕನ್ನಡ ಮಾತನಾಡುವ ಜನರನ್ನು ನಾಲ್ಕಾರು ಆಡಳಿತಗಳಲ್ಲಿ ಹಂಚಿದ ದೀರ್ಘ ಪ್ರಕ್ರಿಯೆಯ ಒಂದು ಮುಖ್ಯ ಘಟ್ಟ. ಆ ಹಂಚಿಕೆಗೆ ಸಹಿ ಹಾಕಿಸಿದವನು ಲಂಚ ಮುಟ್ಟದ, ಮಾತಿಗೆ ತಪ್ಪದ ಮನುಷ್ಯನೆಂದು ತನ್ನ ಕಾಲದಲ್ಲಿ ಹೆಸರಾಗಿದ್ದನು. ಆಳುವವನ ವೈಯಕ್ತಿಕ ಪ್ರಾಮಾಣಿಕತೆ ಬೇರೆ, ಆಳಿಕೆಯ ನ್ಯಾಯ ಬೇರೆ ಎಂಬ ಮಾತಿಗೆ ಅವನ ಬಾಳು ಒಂದು ಸ್ಪಷ್ಟ ನಿದರ್ಶನ.

ಕುಲ ಮತ್ತು ಪದವಿ

ಕಾರ್ನ್‌ವಾಲಿಸನು 1738ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ಜನಿಸಿದನು. ಅವನ ಮನೆತನ ಇಂಗ್ಲೆಂಡಿನ ಪೂರ್ವಭಾಗದ ಸಫೋಕ್ ಸೀಮೆಯದು. ತಾಯಿಯು ಪ್ರಭಾವಶಾಲಿಯಾದ ಟೌನ್‌ಶೆಂಡ್ ಮನೆತನದ ಮಗಳು. ಚಿಕ್ಕಪ್ಪ ಫ್ರೆಡರಿಕ್ ಮುಂದೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದನು; ತಮ್ಮಂದಿರಲ್ಲಿ ವಿಲಿಯಂ ನೌಕಾಪಡೆಯ ಅಡ್ಮಿರಲ್, ಜೇಮ್ಸ್ ಬಿಷಪ್. ಧರ್ಮಪೀಠ, ನೌಕೆ, ಸೈನ್ಯ, ಸಂಸತ್ತು ಈ ನಾಲ್ಕರಲ್ಲಿಯೂ ಒಂದೇ ಮನೆಯವರು ಇರುವುದು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಹುಟ್ಟು, ಭೂಮಿ ಮತ್ತು ಬಂಧುತ್ವ ಇವೇ ಅಲ್ಲಿಯ ರಾಜಕೀಯದ ಬಂಡವಾಳ.

ಈಟನ್ ಶಾಲೆ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಅವನ ಶಿಕ್ಷಣ ನಡೆಯಿತು. 1756ರಲ್ಲಿ ಸೈನ್ಯ ಸೇರಿ, ಇಟಲಿಯ ಟ್ಯೂರಿನ್ ನಗರದ ಸೈನಿಕ ಶಾಲೆಯಲ್ಲಿ ಕೆಲಕಾಲ ಕಲಿತು, ಜರ್ಮನಿಯ ರಣರಂಗಗಳಲ್ಲಿ ಅನುಭವ ಪಡೆದನು. 1760ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿಗೇ, ಸಫೋಕಿನ ಐ ಎಂಬ ಚಿಕ್ಕ ಊರಿನಿಂದ ಸಂಸತ್ತಿನ ಕೆಳಮನೆಗೆ ಆಯ್ಕೆಯಾದನು. ಬೆರಳೆಣಿಕೆಯ ಮತದಾರರಿದ್ದ ಇಂತಹ ಊರುಗಳ ಸ್ಥಾನಗಳು ಆ ಸೀಮೆಯ ಶ್ರೀಮಂತ ಮನೆತನದ ಆಸ್ತಿಯಂತೆಯೇ ಇರುತ್ತಿದ್ದವು. 1762ರಲ್ಲಿ ತಂದೆ ತೀರಿಕೊಂಡಾಗ ಅವನು ಎರಡನೆಯ ಅರ್ಲ್ ಆಗಿ ಮೇಲ್ಮನೆಯನ್ನು ಪ್ರವೇಶಿಸಿದನು. ಆ ಕಾಲದಲ್ಲಿ ಈ ಮನೆಯ ಸದಸ್ಯತ್ವ ಬಹುಮಟ್ಟಿಗೆ ವಂಶಪಾರಂಪರ್ಯದ್ದಾಗಿತ್ತು.

ಆದರೂ ಮೇಲ್ಮನೆಯಲ್ಲಿ ಅವನ ನಡೆ ಸ್ವತಂತ್ರವಾಗಿತ್ತು. ಅಮೆರಿಕದ ವಸಾಹತುಗಳ ಮೇಲೆ ಎಲ್ಲ ವಿಷಯಗಳಲ್ಲಿಯೂ ಕಾನೂನು ಮಾಡುವ ಹಕ್ಕು ಬ್ರಿಟಿಷ್ ಸಂಸತ್ತಿಗೆ ಇದೆಯೆಂದು ಸಾರುವ ಮಸೂದೆ 1766ರಲ್ಲಿ ಬಂದಿತು. ಅದನ್ನು ವಿರೋಧಿಸಿ ಮತ ಹಾಕಿದ ಪ್ರಭುಗಳು ಐವರು ಮಾತ್ರ. ಅವರಲ್ಲಿ ಕಾರ್ನ್‌ವಾಲಿಸನೂ ಒಬ್ಬ.

ಅಮೆರಿಕದ ಸೋಲು

ಹತ್ತು ವರ್ಷಗಳ ಅನಂತರ, ಅದೇ ವಸಾಹತುಗಳು ಸ್ವಾತಂತ್ರ್ಯಕ್ಕಾಗಿ ಎದ್ದು ನಿಂತಾಗ, ಅವುಗಳನ್ನು ಅಡಗಿಸಲು ಹೊರಟ ಸೇನಾನಿಗಳಲ್ಲಿ ಅವನೂ ಇದ್ದನು. ಮತ ಹಾಕುವಾಗ ಅಂತಃಕರಣಕ್ಕೆ ಸ್ಥಾನ ಕೊಟ್ಟವನು ಆಜ್ಞೆ ಬಂದಾಗ ರಾಜನ ಸೇವಕನಾದನು. ಕುಲೀನನ ಕರ್ತವ್ಯದ ಕಲ್ಪನೆ ಅವನಲ್ಲಿ ಹೀಗೆ ಎರಡು ಕವಲಾಗಿತ್ತು. ಮುಂದೆ ಭಾರತದಲ್ಲಿಯೂ ಐರ್ಲೆಂಡಿನಲ್ಲಿಯೂ ಇದೇ ಇಬ್ಬಗೆ ಮರಳಿ ಕಾಣಿಸಿಕೊಳ್ಳುತ್ತದೆ.

1780ರಲ್ಲಿ ಅವನಿಗೆ ಅಮೆರಿಕದ ದಕ್ಷಿಣ ಪ್ರಾಂತಗಳ ಸೇನಾಧಿಪತ್ಯ ದೊರೆಯಿತು. ಕ್ಯಾಮ್ಡೆನ್ ಎಂಬಲ್ಲಿ ದೊಡ್ಡ ಜಯ ಬಂದಿತು. ಆದರೆ ಜಯಗಳ ನಡುವೆಯೇ ಸೈನ್ಯ ಸವೆಯುತ್ತ ಹೋಯಿತು. ಕೊನೆಗೆ ವರ್ಜಿನಿಯಾದ ಯಾರ್ಕ್‌ಟೌನಿನಲ್ಲಿ, ನೆಲದಲ್ಲಿ ವಾಷಿಂಗ್ಟನ್ನನ ಅಮೆರಿಕನ್ ಸೈನ್ಯ ಮತ್ತು ಅದರ ಮಿತ್ರರಾದ ಫ್ರೆಂಚರು, ಸಮುದ್ರದಲ್ಲಿ ಫ್ರೆಂಚ್ ನೌಕಾಪಡೆ, ಹೀಗೆ ಎರಡೂ ಕಡೆಯಿಂದ ಸಿಕ್ಕಿಬಿದ್ದು 1781ರ ಅಕ್ಟೋಬರ್ 19ರಂದು ಅವನ ಸೈನ್ಯ ಶರಣಾಯಿತು. ಶರಣಾಗತಿಯ ವಿಧಿಗೆ ಅವನು ಅನಾರೋಗ್ಯದ ಕಾರಣ ಹೇಳಿ ತಾನು ಹೋಗದೆ ತನ್ನ ಕೈಕೆಳಗಿನ ಸೇನಾನಿಯನ್ನು ಕಳುಹಿಸಿದನು. ಬ್ರಿಟನ್ ಅಮೆರಿಕವನ್ನು ಕಳೆದುಕೊಂಡದ್ದು ಈ ಸೋಲಿನಿಂದಲೇ ಎಂದರೂ ತಪ್ಪಾಗದು.

ಇಂತಹ ಸೋಲಿನ ಮೇಲೆ ಅವನ ರಾಜಕೀಯ ಜೀವನ ಮುಗಿಯಬೇಕಿತ್ತು, ಮುಗಿಯಲಿಲ್ಲ. ಮೂರನೆಯ ಜಾರ್ಜ್ ದೊರೆಯ ವಿಶ್ವಾಸ ಅವನ ಮೇಲೆ ಉಳಿದಿತ್ತು. ಸಂಸತ್ತಿನ ಎರಡೂ ಬಣಗಳು ಅವನನ್ನು ನಿಷ್ಕಳಂಕನೆಂದು ಎಣಿಸುತ್ತಿದ್ದವು. ಕಂಪನಿಯ ನೌಕರರು ಭಾರತದಲ್ಲಿ ದೋಚಿದ ಹಣದ ಕಥೆಗಳಿಂದ ಲಂಡನ್ ಬೇಸತ್ತಿದ್ದ ಕಾಲ ಅದು. ಹಣದ ಆಸೆಯಿಲ್ಲದ, ದೊಡ್ಡ ಮನೆತನದ, ಸೈನ್ಯವನ್ನೂ ನಡೆಸಬಲ್ಲ ಒಬ್ಬನು ಪ್ರಧಾನಿ ಪಿಟ್ಟನಿಗೆ ಬೇಕಾಗಿದ್ದನು.

ಕಲ್ಕತ್ತೆಯ ಆಡಳಿತ

ಗವರ್ನರ್ ಜನರಲ್ ಪದವಿಯನ್ನು ಕಾರ್ನ್‌ವಾಲಿಸನು ಮೊದಲು ಒಪ್ಪಿಕೊಳ್ಳಲಿಲ್ಲ. ಹಿಂದಿನ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನು ತನ್ನ ಮಂಡಲಿಯ ಸದಸ್ಯರ ಬಹುಮತದ ಮುಂದೆ ಕೈಕಟ್ಟಿ ಕುಳಿತ ಪ್ರಸಂಗಗಳು ಅವನಿಗೆ ಗೊತ್ತಿದ್ದವು. ಅಗತ್ಯವಿದ್ದಾಗ ಮಂಡಲಿಯ ಅಭಿಪ್ರಾಯವನ್ನು ತಳ್ಳಿಹಾಕುವ ಅಧಿಕಾರ ಮತ್ತು ಪ್ರಧಾನ ಸೇನಾಪತಿಯ ಪದವಿ ಎರಡೂ ತನಗೆ ಬೇಕೆಂದು ಅವನು ಕೇಳಿದನು. 1786ರಲ್ಲಿ ಸಂಸತ್ತು ಅದಕ್ಕೆ ತಕ್ಕಂತೆ ಕಾನೂನನ್ನು ತಿದ್ದಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ಅವನು ಕಲ್ಕತ್ತೆಗೆ ಬಂದಿಳಿದನು.

ಕಂಪನಿಯ ನೌಕರರಿಗೆ ಸಂಬಳ ಕಡಿಮೆ, ಖಾಸಗಿ ವ್ಯಾಪಾರ ಮತ್ತು ನಜರಾಣೆಗಳಿಂದ ಬರುವ ಆದಾಯ ಹೆಚ್ಚು. ಇದೇ ಭ್ರಷ್ಟತೆಯ ಮೂಲವೆಂದು ಅವನು ಗುರುತಿಸಿದನು. ಕಲೆಕ್ಟರನಿಗೆ ತಿಂಗಳಿಗೆ 1500 ರೂಪಾಯಿ ಸಂಬಳವನ್ನೂ ವಸೂಲಾತಿಯ ಮೇಲೆ ಕಮಿಷನ್ನನ್ನೂ ಗೊತ್ತುಮಾಡಿ, ಖಾಸಗಿ ವ್ಯಾಪಾರವನ್ನು ನಿಷೇಧಿಸಿದನು. ಕಂದಾಯ ವಸೂಲಿ ಮಾಡುವವನೇ ನ್ಯಾಯವನ್ನೂ ಹೇಳಬಾರದೆಂದು 1793ರ ಕಾರ್ನ್‌ವಾಲಿಸ್ ಸಂಹಿತೆಯಲ್ಲಿ ಎರಡು ಅಧಿಕಾರಗಳನ್ನೂ ಬೇರೆ ಮಾಡಿದನು. ಕಲ್ಕತ್ತೆ, ಢಾಕಾ, ಮುರ್ಶಿದಾಬಾದ್, ಪಾಟ್ನಾಗಳಲ್ಲಿ ಪ್ರಾಂತೀಯ ನ್ಯಾಯಾಲಯಗಳು ನಡೆದವು. ಭಾರತದ ನಾಗರಿಕ ಸೇವೆಯ ಚೌಕಟ್ಟು ಈ ಸುಧಾರಣೆಗಳಿಂದಲೇ ಮೂಡಿತೆಂಬುದನ್ನು ಅಲ್ಲಗಳೆಯಲಾಗದು.

ಇವೇ ಸುಧಾರಣೆಗಳಿಗೆ ಇನ್ನೊಂದು ಮುಖವೂ ಉಂಟು. ಭಾರತೀಯರನ್ನು ಉನ್ನತ ಹುದ್ದೆಗಳಲ್ಲಿ ನಂಬಲಾಗದು ಎಂಬ ಭಾವನೆ ಅವನಲ್ಲಿ ದೃಢವಾಗಿತ್ತು. ಅವನ ಆಡಳಿತ ಮುಗಿಯುವ ಹೊತ್ತಿಗೆ, ವರ್ಷಕ್ಕೆ 500 ಪೌಂಡಿಗೂ ಹೆಚ್ಚಿನ ಸಂಬಳದ ಹುದ್ದೆಗಳು ಭಾರತೀಯರ ಪಾಲಿಗೆ ಮುಚ್ಚಿಹೋಗಿದ್ದವು. ಅಪ್ರಾಮಾಣಿಕರಾದ ಇಂಗ್ಲಿಷರಿಗೆ ಅವನು ಕೊಟ್ಟ ಮದ್ದು ಹೆಚ್ಚಿನ ಸಂಬಳ; ಭಾರತೀಯರಿಗೆ ಕೊಟ್ಟದ್ದು ಬಹಿಷ್ಕಾರ. ಒಂದೇ ರೋಗಕ್ಕೆ ಎರಡು ಬಗೆಯ ಚಿಕಿತ್ಸೆ ನಡೆಯಿತು.

1793ರ ಮಾರ್ಚ್ 22ರಂದು ಘೋಷಿತವಾದ ಕಾಯಂ ಜಮೀನ್ದಾರಿ ಪದ್ಧತಿಯಲ್ಲಿ ಇಂಗ್ಲೆಂಡಿನ ಭೂಮಾಲಿಕ ಪ್ರಭುವಿನ ಕಣ್ಣು ಕಾಣುತ್ತದೆ. ಭೂಮಿಯ ಒಡೆತನ ಸ್ಥಿರವಾದರೆ ಒಡೆಯನು ಅದನ್ನು ಸುಧಾರಿಸುತ್ತಾನೆಂಬುದು ಅವನು ತನ್ನ ಸೀಮೆಯಲ್ಲಿ ಕಂಡ ನಂಬಿಕೆ. ಜಮೀನ್ದಾರನು ವಸೂಲಾದುದರಲ್ಲಿ ಹನ್ನೊಂದರಲ್ಲಿ ಹತ್ತು ಪಾಲನ್ನು ಸರಕಾರಕ್ಕೆ ಕಟ್ಟಬೇಕು. ಆ ಮೊತ್ತ ಎಂದಿಗೂ ಏರದು. ಮೊದಲು ಹತ್ತು ವರ್ಷ ಪರೀಕ್ಷಿಸಿ ನೋಡೋಣವೆಂದು ಅನುಭವಿಯಾದ ಜಾನ್ ಶೋರ್ ಹೇಳಿದ ಮಾತು ಅವನಿಗೆ ಒಪ್ಪಿಗೆಯಾಗಲಿಲ್ಲ. ನಿಗದಿಯಾದ ದಿನದ ಸೂರ್ಯಾಸ್ತದೊಳಗೆ ಕಂದಾಯ ಕಟ್ಟದ ಜಮೀನ್ದಾರರ ಭೂಮಿ ಹರಾಜಾಯಿತು. ಉಳುವ ರೈತನ ಹಕ್ಕು ಯಾವ ಪುಸ್ತಕದಲ್ಲಿಯೂ ಸರಿಯಾಗಿ ದಾಖಲಾಗಲಿಲ್ಲ.

ಮೈಸೂರಿನ ಯುದ್ಧ

ಈ ಸುಧಾರಣೆಗಳ ನಡುವೆಯೇ ದಕ್ಷಿಣದಲ್ಲಿ ಯುದ್ಧ ಬಂದಿತು. 1784ರ ಪಿಟ್ಟನ ಕಾನೂನು ಭಾರತದಲ್ಲಿ ರಾಜ್ಯ ವಿಸ್ತರಣೆಗಾಗಿ ಯುದ್ಧ ಮಾಡುವುದನ್ನು ಖಂಡಿಸಿತ್ತು. ಆದರೆ 1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ಸುಲ್ತಾನನು ಕಂಪನಿಯ ಮಿತ್ರನಾದ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ದಾಳಿ ಮಾಡಿದ್ದರಿಂದ ಯುದ್ಧಕ್ಕೆ ಕಾನೂನಿನ ಸಮರ್ಥನೆ ದೊರೆಯಿತು. 1790ರಲ್ಲಿ ಕಾರ್ನ್‌ವಾಲಿಸನು ಪೇಶ್ವೆಯೊಡನೆಯೂ ಹೈದರಾಬಾದಿನ ನಿಜಾಮನೊಡನೆಯೂ ಒಪ್ಪಂದ ಮಾಡಿಕೊಂಡನು. ಗೆದ್ದ ನೆಲದಲ್ಲಿ ಮೂವರಿಗೂ ಸಮಪಾಲು ಎಂಬುದು ಅದರ ಸಾರ.

ಯುದ್ಧವು ಕನ್ನಡ ಸೀಮೆಯ ಎರಡು ತುದಿಗಳಿಂದ ಆರಂಭವಾಯಿತು. ಉತ್ತರದಲ್ಲಿ ಪರಶುರಾಮಭಾವು ಪಟವರ್ಧನನು, ಬೊಂಬಾಯಿಯಿಂದ ಬಂದ ಕ್ಯಾಪ್ಟನ್ ಲಿಟಲನ ತುಕಡಿಯೊಡನೆ, 1790ರ ಸೆಪ್ಟೆಂಬರಿನಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದನು. ಟಿಪ್ಪುವಿನ ಸೇನಾನಿ ಬದ್ರುಜ್ಜಮಾನ್ ಖಾನನು ಆರು ತಿಂಗಳಿಗೂ ಮಿಕ್ಕಿ ಕೋಟೆಯನ್ನು ಕಾಯ್ದು 1791ರ ಏಪ್ರಿಲ್ ಆರಂಭದಲ್ಲಿ ಬಿಟ್ಟುಕೊಟ್ಟನು. ದಕ್ಷಿಣದಲ್ಲಿ ಜನರಲ್ ಮೆಡೋಸನು ಹೆಚ್ಚಿನದನ್ನು ಸಾಧಿಸದೆ ಹೋದುದರಿಂದ, 1791ರ ಆರಂಭದಲ್ಲಿ ಕಾರ್ನ್‌ವಾಲಿಸನೇ ಸೇನಾಧಿಪತ್ಯ ವಹಿಸಿಕೊಂಡನು. ಮಾರ್ಚ್ 7ರಂದು ಬೆಂಗಳೂರಿನ ಪೇಟೆಯೂ 21ರ ರಾತ್ರಿ ಕೋಟೆಯೂ ಅವನ ವಶವಾದವು. ಕಿಲ್ಲೇದಾರ ಬಹಾದೂರ್ ಖಾನನು ಹೋರಾಡುತ್ತಲೇ ಮಡಿದನು. ಇಂಗ್ಲಿಷರು ಗೋಡೆ ಒಡೆದು ನುಗ್ಗಿದ ಸ್ಥಳವನ್ನು ತೋರಿಸುವ ಕಲ್ಲುಫಲಕ ಬೆಂಗಳೂರಿನ ಕೋಟೆಯಲ್ಲಿ ಇಂದಿಗೂ ಇದೆ.

ಮೇ 15ರಂದು ಶ್ರೀರಂಗಪಟ್ಟಣದ ಸಮೀಪದ ಅರಕೆರೆಯ ಕಾಳಗದಲ್ಲಿಯೂ ಕಾರ್ನ್‌ವಾಲಿಸನೇ ಗೆದ್ದನು. ಆದರೆ ಮಳೆ ಹಿಡಿದಿತ್ತು. ದನಗಳಿಗೆ ರೋಗ ಬಂದಿತ್ತು. ಟಿಪ್ಪುವಿನ ಕುದುರೆ ಸವಾರರು ಸುತ್ತಲಿನ ಸೀಮೆಯಲ್ಲಿ ಹುಲ್ಲುಕಡ್ಡಿಯೂ ಸಿಗದಂತೆ ಮಾಡಿದ್ದರು. ಮುತ್ತಿಗೆಯ ಫಿರಂಗಿಗಳನ್ನು ಎಳೆಯಲು ಎತ್ತುಗಳಿಲ್ಲದೆ ಅವುಗಳನ್ನು ನಾಶಮಾಡಿ ಸೈನ್ಯ ಹಿಂದೆ ಸರಿಯಿತು. ಹಾಗೆ ಸರಿಯುತ್ತಿದ್ದಾಗಲೇ ಪರಶುರಾಮಭಾವು ಮತ್ತು ಹರಿಪಂತ ಫಡಕೆಯ ಮರಾಠಾ ಸೈನ್ಯ ಎದುರಾದುದು. ಮರಾಠರ ಪಾಳೆಯದ ಬಜಾರಿನಲ್ಲಿ ದವಸ ತುಂಬಿತ್ತು; ಬೆಲೆ ಮಾತ್ರ ದುಬಾರಿ. ಮುಂದಿನ ತಿಂಗಳುಗಳಲ್ಲಿ ಎತ್ತುಗಳ ಮೇಲೆ ಧಾನ್ಯ ಹೇರಿ ಸಾಗಿಸುವ ಬಣಜಾರರೇ ಇಂಗ್ಲಿಷ್ ಸೈನ್ಯದ ಅನ್ನದ ಆಧಾರವಾದರು. ಇಂದು ಈ ಗಡಿಭಾಗದ ತಾಂಡಾಗಳಲ್ಲಿ ಕಾಣುವ ಲಂಬಾಣಿ ಸಮುದಾಯದ ಪೂರ್ವಜರ ವೃತ್ತಿ ಇದೇ ಆಗಿತ್ತು.

ಶೃಂಗೇರಿಯ ಪತ್ರಗಳು

ಅದೇ 1791ರಲ್ಲಿ ಪಟವರ್ಧನರ ಸೈನ್ಯದ ಜೊತೆಗಿದ್ದ ಪಿಂಡಾರಿ ಗುಂಪುಗಳು ಶೃಂಗೇರಿಯ ಮಠವನ್ನು ಕೊಳ್ಳೆಹೊಡೆದವು. ಶಾರದೆಯ ವಿಗ್ರಹವನ್ನೂ ಸ್ಥಾನದಿಂದ ಕದಲಿಸಲಾಯಿತು. ಸಚ್ಚಿದಾನಂದ ಭಾರತಿ ಸ್ವಾಮಿಗಳು ಕಾರ್ಕಳಕ್ಕೆ ತೆರಳಬೇಕಾಯಿತು. ಈ ವಿಷಯವಾಗಿ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಬರೆದ ಪತ್ರಗಳಲ್ಲಿ ಶೋಕವಿದೆ, ಗೌರವವಿದೆ. ಮೂರ್ತಿಯ ಪುನಃಪ್ರತಿಷ್ಠೆಗೆ ಹಣವನ್ನೂ ದವಸವನ್ನೂ ಕೊಡಿಸುವ ಆಜ್ಞೆಯ ಪ್ರಸ್ತಾಪವಿದೆ. ಈ ಪತ್ರಗಳು ಕನ್ನಡದಲ್ಲಿವೆ. 1916ರಲ್ಲಿ ಅವುಗಳನ್ನು ಮಠದಲ್ಲಿ ಗುರುತಿಸಿ ಬೆಳಕಿಗೆ ತಂದವರು ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಆರ್. ನರಸಿಂಹಾಚಾರ್ಯರು, ಅಂದರೆ ‘ಕರ್ಣಾಟಕ ಕವಿಚರಿತೆ’ಯ ಕರ್ತೃಗಳು. ಪ್ರಾಚೀನ ಕವಿಗಳ ಕಾಲ ನಿರ್ಣಯಿಸಿದ ವಿದ್ವಾಂಸರೇ ಯುದ್ಧಕಾಲದ ಒಂದು ಕನ್ನಡ ದಾಖಲೆಯನ್ನೂ ನಾಡಿಗೆ ಒದಗಿಸಿದರು.

ಇದಕ್ಕೆ ಎದುರಾಗಿ ಇನ್ನೊಂದು ಕನ್ನಡ ದಾಖಲೆಯನ್ನೂ ಇಡಬೇಕಾಗುತ್ತದೆ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಡಗಿನ ದೊಡ್ಡವೀರರಾಜೇಂದ್ರನು 1790ರಲ್ಲಿ ಕಂಪನಿಯ ಪಕ್ಷ ವಹಿಸಿದನು. ಹಾಲೇರಿ ವಂಶದ ಚರಿತ್ರೆಯಾದ ‘ರಾಜೇಂದ್ರನಾಮೆ’ ಅವನ ಕಾಲದ ಕನ್ನಡ ಗದ್ಯಕೃತಿ. ಅದರಲ್ಲಿ ಕಾಣುವ ಟಿಪ್ಪು ಕೊಡಗಿನ ವೈರಿ. ಒಂದೇ ಕಾಲದ ಎರಡು ಕನ್ನಡ ದಾಖಲೆಗಳು ಒಬ್ಬನೇ ಅರಸನ ಎರಡು ಮುಖಗಳನ್ನು ತೋರಿಸುತ್ತವೆ. ಒಂದನ್ನೇ ಓದಿ ತೀರ್ಪು ಕೊಡುವವನು ಅರ್ಧ ಇತಿಹಾಸವನ್ನು ಮಾತ್ರ ಬಲ್ಲವನಾಗುತ್ತಾನೆ.

ಒಪ್ಪಂದ ಮತ್ತು ಒತ್ತೆಯಾಳುಗಳು

ನಂದಿದುರ್ಗ ಮತ್ತು ಸಾವನದುರ್ಗಗಳು 1791ರ ಕೊನೆಯೊಳಗೆ ಕಾರ್ನ್‌ವಾಲಿಸನ ಕೈಸೇರಿದವು. 1792ರ ಫೆಬ್ರವರಿ 6ರ ರಾತ್ರಿ ಅವನ ಸೈನ್ಯ ಶ್ರೀರಂಗಪಟ್ಟಣದ ಹೊರ ಪಾಳೆಯದ ಮೇಲೆ ಬಿದ್ದು ದ್ವೀಪವನ್ನು ಹೊಕ್ಕಿತು. ಕೋಟೆ ಮಾತ್ರ ಉಳಿದಿತ್ತು. ಆ ತಿಂಗಳ 24ರಂದು ಕದನ ನಿಂತಿತು. ಮಾರ್ಚ್ 18ರಂದು ಅಂತಿಮ ಒಪ್ಪಂದವಾಯಿತು.

ಅದರ ಷರತ್ತುಗಳು ನಾಲ್ಕು. ಟಿಪ್ಪುವು ತನ್ನ ರಾಜ್ಯದ ಅರ್ಧವನ್ನು ಬಿಟ್ಟುಕೊಡಬೇಕು. 3 ಕೋಟಿ 30 ಲಕ್ಷ ರೂಪಾಯಿ ತೆರಬೇಕು. ಅದರಲ್ಲಿ ಅರ್ಧ ಕೂಡಲೇ, ಉಳಿದುದು ಕಂತುಗಳಲ್ಲಿ. ಹೈದರನ ಕಾಲದಿಂದ ಹಿಡಿದಿಟ್ಟ ಕೈದಿಗಳನ್ನೆಲ್ಲ ಬಿಡಬೇಕು. ಇವೆಲ್ಲ ಪೂರೈಸುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕು.

ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಇಬ್ಬರು ಬಾಲಕರು ಆನೆಗಳ ಮೇಲೆ ಇಂಗ್ಲಿಷ್ ಪಾಳೆಯಕ್ಕೆ ಬಂದರು. ಹಿರಿಯನಿಗೆ ಹತ್ತರ ಆಸುಪಾಸು. ಇನ್ನೊಬ್ಬನು ಅವನಿಗಿಂತಲೂ ಚಿಕ್ಕವನು. ಕಾರ್ನ್‌ವಾಲಿಸನು ಡೇರೆಯ ಬಾಗಿಲಲ್ಲಿ ಅವರನ್ನು ಅಪ್ಪಿ, ಕೈಹಿಡಿದು ಒಳಗೆ ಕರೆದೊಯ್ದು, ಚಿನ್ನದ ಗಡಿಯಾರಗಳನ್ನು ಕೊಟ್ಟನು. ಸೈನ್ಯದ ಜೊತೆಯಲ್ಲಿದ್ದ ರಾಬರ್ಟ್ ಹೋಮ್ ಮತ್ತು ಇಂಗ್ಲೆಂಡಿನ ಇತರ ಚಿತ್ರಕಾರರು ಈ ದೃಶ್ಯವನ್ನು ಬರೆದರು. ಯಾರ್ಕ್‌ಟೌನಿನ ಅವಮಾನವನ್ನು ಮರೆಸಲು ಬ್ರಿಟನ್ನಿಗೆ ಒಂದು ಚಿತ್ರ ಬೇಕಿತ್ತು. ಸೋತವನ ಮಕ್ಕಳನ್ನು ತಂದೆಯಂತೆ ಬರಮಾಡಿಕೊಳ್ಳುವ ಪ್ರಭುವಿನ ಚಿತ್ರ ಆ ಕೆಲಸ ಮಾಡಿತು. ಆದರೆ ಆ ಮಕ್ಕಳು ಹೋದದ್ದು ಮದರಾಸಿಗೆ; ತಂದೆಯ ಬಳಿಗೆ ಹಿಂದಿರುಗಿದ್ದು ಹಣವೆಲ್ಲ ಸಂದಾಯವಾದ ಮೇಲೆ, 1794ರಲ್ಲಿ. ಚಿತ್ರದಲ್ಲಿ ವಾತ್ಸಲ್ಯ ಮಾತ್ರ ಕಾಣುತ್ತದೆ, ಲೆಕ್ಕಪತ್ರ ಕಾಣುವುದಿಲ್ಲ. ಟಿಪ್ಪುವನ್ನು ಕುರಿತ ಗಿರೀಶ ಕಾರ್ನಾಡರ ನಾಟಕವನ್ನು ಓದುವವರು ಈ ಹಿನ್ನೆಲೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಕೋಟೆ ಬೀಳುವ ಹಂತದಲ್ಲಿದ್ದಾಗ ಕಾರ್ನ್‌ವಾಲಿಸನು ಏಕೆ ನಿಂತನು ಎಂಬ ಪ್ರಶ್ನೆ ಅಂದೇ ಎದ್ದಿತು. ಮೈಸೂರನ್ನು ಪೂರ್ತಿ ಅಳಿಸಿದರೆ ಅದನ್ನು ಆಳುವ ಭಾರವೂ ಮಿತ್ರರೊಡನೆ ಹಂಚಿಕೆಯ ಜಗಳವೂ ಕಂಪನಿಯ ತಲೆಗೆ ಬರುತ್ತಿದ್ದವು. ವಿಸ್ತರಣೆಗೆ ಲಂಡನ್ನಿನ ವಿರೋಧವೂ ಇತ್ತು. ಮರಾಠರು ಮತ್ತು ನಿಜಾಮನ ನಡುವೆ ತೂಕಕ್ಕೆ ಒಂದು ಕ್ಷೀಣವಾದ ಮೈಸೂರು ಇರಲಿ ಎಂಬುದು ಅವನ ಎಣಿಕೆ. ವಿಜಯದ ಬಹುಮಾನದ ಹಣದಲ್ಲಿ ತನಗೆ ಸಲ್ಲಬೇಕಾದ ಪಾಲನ್ನು ಅವನು ಮುಟ್ಟದೆ ಸೈನ್ಯಕ್ಕೇ ಬಿಟ್ಟುಕೊಟ್ಟನು. ಇಂಗ್ಲೆಂಡಿನ ದೊರೆ ಅವನನ್ನು ಮಾರ್ಕ್ವಿಸ್ ಪದವಿಗೆ ಏರಿಸಿದನು.

ಗೆರೆಗಳು ಉಳಿದ ಬಗೆ

ಬಿಟ್ಟುಕೊಟ್ಟ ಅರ್ಧ ರಾಜ್ಯವನ್ನು ಮೂವರೂ ಹಂಚಿಕೊಂಡರು. ಧಾರವಾಡವೂ ಸೇರಿ ತುಂಗಭದ್ರೆಯವರೆಗಿನ ಸೀಮೆ ಮರಾಠರಿಗೆ ಬಂದಿತು. ಕಡಪ, ಗಂಡಿಕೋಟೆಗಳೂ ಕೊಪ್ಪಳದ ಸುತ್ತಿನ ಕನ್ನಡ ಪ್ರದೇಶವೂ ನಿಜಾಮನ ಪಾಲಾದವು. ಮಲಬಾರ್, ದಿಂಡಿಗಲ್ಲು, ಬಾರಾಮಹಲ್ ಇವು ಕಂಪನಿಗೆ. ಕೊಡಗಿನ ಮೇಲಿನ ಅಧಿಪತ್ಯವೂ ಕಂಪನಿಗೇ. ತುಂಗಭದ್ರೆಯ ಎರಡು ದಡಗಳ ಜನ ಒಂದೇ ಭಾಷೆಯವರೆಂಬ ಸಂಗತಿ ಆ ಡೇರೆಯ ಮಾತುಕತೆಯಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ. ಅಲ್ಲಿ ಲೆಕ್ಕವಾದದ್ದು ಪ್ರತಿ ಪ್ರಾಂತದ ಕಂದಾಯದ ಮೊತ್ತ. ಮೂರು ಪಾಲುಗಳನ್ನು ಸಮ ಮಾಡಿದ ತಕ್ಕಡಿ ಅದೇ.

ಜತ್ತ ಸೀಮೆಯಾದರೋ ಈ ಒಪ್ಪಂದದಿಂದ ಕೈ ಬದಲಾಯಿಸಲಿಲ್ಲ. ಡಫಳೆ ಮನೆತನದ ಜಹಗೀರಾಗಿ ಅದು ಮೊದಲೇ ಮರಾಠಾ ರಾಜ್ಯದ ಒಳಗಿತ್ತು. ಮುಂದೆ ಸಂಸ್ಥಾನವಾಗಿ ಉಳಿದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆದರೆ ಅರಸುಮನೆತನಗಳ ಯುದ್ಧ ಮತ್ತು ಕಂದಾಯದ ಲೆಕ್ಕಗಳಿಂದ ಎಳೆದ ಗೆರೆಗಳು ಭಾಷೆಯ ನೆಲವನ್ನು ಹೇಗೆ ಕತ್ತರಿಸುತ್ತವೆ ಎಂಬುದನ್ನು ಜತ್ತದ ಪೂರ್ವದ ಕನ್ನಡ ಊರುಗಳವರಿಗೆ ವಿವರಿಸಬೇಕಾಗಿಲ್ಲ. 1792ರ ಹಂಚಿಕೆಯೂ 1799ರ ಹಂಚಿಕೆಯೂ ಅದೇ ಜಾತಿಯವು. ಮುಂಬಯಿ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಮದರಾಸ್ ಪ್ರಾಂತದ ಕನ್ನಡ ಜಿಲ್ಲೆಗಳು, ಕೊಡಗು, ಮೈಸೂರು ಎಂಬ ವಿಭಾಗಗಳಿಗೆ ಅವು ದಾರಿ ಮಾಡಿದವು. 1956ರ ಏಕೀಕರಣ ತಿದ್ದಲು ಹೊರಟದ್ದು ಇವನ್ನೇ.

ಕಾರ್ನ್‌ವಾಲಿಸನ ಎರಡು ನೇಮಕಗಳ ಫಲವನ್ನೂ ಇಲ್ಲಿ ನೆನೆಯಬೇಕು. ಹೊಸದಾಗಿ ಬಂದ ಬಾರಾಮಹಲಿಗೆ ಅವನು ಕ್ಯಾಪ್ಟನ್ ರೀಡ್ ಮತ್ತು ಅವನ ಸಹಾಯಕರಾಗಿ ಥಾಮಸ್ ಮನ್ರೋ ಮೊದಲಾದ ಸೈನ್ಯಾಧಿಕಾರಿಗಳನ್ನು ಕಳುಹಿಸಿದನು. ಕಂಪನಿಯ ನಾಗರಿಕ ನೌಕರರಿಗಿಂತ ಅವರು ದೇಶಭಾಷೆಗಳನ್ನು ಚೆನ್ನಾಗಿ ಬಲ್ಲವರಾಗಿದ್ದುದೇ ಕಾರಣ. ಊರೂರು ತಿರುಗಿ ರೈತರ ಬಾಯಿಂದಲೇ ವಿವರ ಪಡೆದ ಅವರ ಕೆಲಸದಿಂದ, ಪ್ರತಿ ರೈತನೊಡನೆ ನೇರ ಲೆಕ್ಕವಿಡುವ ರೈತವಾರಿ ಪದ್ಧತಿ ರೂಪುಗೊಂಡಿತು. ಅದು ಬಂಗಾಳದಲ್ಲಿ ಕಾರ್ನ್‌ವಾಲಿಸನು ಸ್ಥಾಪಿಸಿದ ಜಮೀನ್ದಾರಿಗೆ ತದ್ವಿರುದ್ಧವಾದುದು. ಮದರಾಸು ಮತ್ತು ಮುಂಬಯಿ ಪ್ರಾಂತಗಳಲ್ಲಿ ಹರಡಿದ್ದು ಈ ಪದ್ಧತಿಯೇ. ಜತ್ತದ ರೈತನು ತಲಾಠಿಯಿಂದ ಪಡೆಯುವ ಸಾತ್‌ಬಾರಾ ಉತಾರಾ ಈ ರೈತವಾರಿ ಲೆಕ್ಕದ ವಂಶಕ್ಕೆ ಸೇರಿದ್ದು. ಭಾಷೆ ಬಲ್ಲವನು ಮಾಡಿದ ಕಂದಾಯ ವ್ಯವಸ್ಥೆಗೂ ಭಾಷೆ ಬಾರದೆ ಮಾಡಿದುದಕ್ಕೂ ಇರುವ ಅಂತರ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಎರಡನೆಯವನು ಕಾಲಿನ್ ಮೆಕೆಂಜಿ. ಈ ಯುದ್ಧದಲ್ಲಿ ಎಂಜಿನಿಯರನಾಗಿದ್ದ ಅವನನ್ನು, ಒಪ್ಪಂದದ ಬಳಿಕ, ನಿಜಾಮನ ಸೀಮೆಯ ಭೂಗೋಳದ ವಿವರ ಸಂಗ್ರಹಿಸಲು ಕಾರ್ನ್‌ವಾಲಿಸನು ಕಳುಹಿಸಿದನು. ಮೆಕೆಂಜಿಯು ಮುಂದೆ ಮೈಸೂರಿನ ಮೋಜಣಿ ನಡೆಸುತ್ತ ಶಾಸನ, ಹಸ್ತಪ್ರತಿ, ಕೈಫಿಯತ್ತುಗಳನ್ನು ಕೂಡಿಸಿದನು. ‘ರಾಜಾವಳೀ ಕಥೆ’ಯ ಕರ್ತೃ ದೇವಚಂದ್ರನು 1804ರಲ್ಲಿ ಅವನನ್ನು ಕಂಡನೆಂಬುದನ್ನು ಸಾಹಿತ್ಯ ಚರಿತ್ರೆಯ ವಿದ್ಯಾರ್ಥಿಗಳು ಬಲ್ಲರು. ರಾಜ್ಯ ಹಂಚಲು ಬೇಕಾದ ನಕ್ಷೆಯ ಕೆಲಸವೇ ಕನ್ನಡದ ಸ್ಥಳೀಯ ಚರಿತ್ರೆಗಳನ್ನು ಉಳಿಸುವುದಕ್ಕೂ ಕಾರಣವಾಯಿತು.

ಕೊನೆಯ ವರ್ಷಗಳು

1793ರಲ್ಲಿ ಕಾರ್ನ್‌ವಾಲಿಸನು ಇಂಗ್ಲೆಂಡಿಗೆ ಹಿಂದಿರುಗಿ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದನು. 1798ರಲ್ಲಿ ಐರ್ಲೆಂಡಿನಲ್ಲಿ ದಂಗೆಯೆದ್ದಾಗ ಅಲ್ಲಿಗೆ ವೈಸರಾಯನಾಗಿ ಹೋದನು. ದಂಗೆಯನ್ನು ಅಡಗಿಸಿ, ದಂಗೆಕೋರರ ಮೇಲೆ ನಡೆಯುತ್ತಿದ್ದ ಕ್ರೌರ್ಯಕ್ಕೆ ಕಡಿವಾಣ ಹಾಕಲೂ ಯತ್ನಿಸಿದನು. ಐರ್ಲೆಂಡಿನ ಸಂಸತ್ತನ್ನು ಬ್ರಿಟನ್ನಿನದರಲ್ಲಿ ವಿಲೀನಗೊಳಿಸುವ ಮಸೂದೆಗೆ ಬೆಂಬಲ ಸಾಲದಾದಾಗ, ಪದವಿ, ಹುದ್ದೆ, ಮಾಸಾಶನಗಳನ್ನು ಕೊಟ್ಟು ಮತಗಳನ್ನು ಕೂಡಿಸಬೇಕಾಯಿತು. ಕಲ್ಕತ್ತೆಯಲ್ಲಿ ಲಂಚವನ್ನು ಬೇರುಸಹಿತ ಕಿತ್ತವನೇ ಡಬ್ಲಿನ್ನಿನಲ್ಲಿ ಈ ಕೊಡುಕೊಳ್ಳುವಿಕೆಯನ್ನು ನಡೆಸಿದನು. ಅದರ ಬಗ್ಗೆ ತನಗಿದ್ದ ಹೇಸಿಗೆಯನ್ನು ಅವನು ತನ್ನ ಪತ್ರಗಳಲ್ಲಿ ತೋಡಿಕೊಂಡಿದ್ದಾನೆ. 1800ರಲ್ಲಿ ಮಸೂದೆ ಅಂಗೀಕಾರವಾಯಿತು. ಕ್ಯಾಥೊಲಿಕರಿಗೆ ಪೂರ್ಣ ರಾಜಕೀಯ ಹಕ್ಕು ಕೊಡಲು ದೊರೆ ಒಪ್ಪದಿದ್ದಾಗ, 1801ರಲ್ಲಿ ಪಿಟ್ಟನೊಡನೆ ಅವನೂ ರಾಜೀನಾಮೆಯಿತ್ತನು. 1802ರ ಮಾರ್ಚಿನಲ್ಲಿ ಫ್ರಾನ್ಸಿನೊಡನೆ ಆದ ಏಮಿಯನ್ಸ್ ಶಾಂತಿ ಒಪ್ಪಂದಕ್ಕೆ ಬ್ರಿಟನ್ನಿನ ಪರವಾಗಿ ಸಹಿ ಹಾಕಿದವನೂ ಅವನೇ.

ಈ ನಡುವೆ ಭಾರತದಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯು 1799ರಲ್ಲಿ ಶ್ರೀರಂಗಪಟ್ಟಣವನ್ನು ಕೆಡವಿದನು. ಅನಂತರ ಮರಾಠರೊಡನೆಯೂ ಯುದ್ಧಕ್ಕಿಳಿದನು. ಯುದ್ಧದ ಖರ್ಚಿನಿಂದ ಕಂಗೆಟ್ಟ ಕಂಪನಿ ಅರವತ್ತಾರರ ಮುದುಕನಾದ ಕಾರ್ನ್‌ವಾಲಿಸನನ್ನು ಮತ್ತೆ ಕಳುಹಿಸಿತು. 1805ರ ಜುಲೈ ಕೊನೆಯಲ್ಲಿ ಬಂದವನು ಸಂಧಾನಕ್ಕಾಗಿ ಗಂಗೆಯ ಗುಂಟ ಮೇಲಕ್ಕೆ ಹೊರಟು, ಅಕ್ಟೋಬರ್ 5ರಂದು ಗಾಜೀಪುರದಲ್ಲಿ ತೀರಿಕೊಂಡನು. ಅವನ ಸಮಾಧಿ ಅಲ್ಲಿಯೇ ಇದೆ.

ಕಾರ್ನ್‌ವಾಲಿಸನು ತನಗಾಗಿ ಭಾರತದಿಂದ ಏನನ್ನೂ ದೋಚಲಿಲ್ಲ; ಇದು ಅವನಿಗೆ ಸಲ್ಲಬೇಕಾದ ಮಾತು. ಅವನು ರೂಪಿಸಿದ ವ್ಯವಸ್ಥೆಯ ಲೆಕ್ಕವಾದರೋ ಬೇರೆ. ಅದರಲ್ಲಿ ಬಂಗಾಳದ ರೈತನ ಹಕ್ಕಿಗೆ ಅಂಕಣವಿರಲಿಲ್ಲ, ಭಾರತೀಯರಿಗೆ ಉನ್ನತ ಹುದ್ದೆಯಿರಲಿಲ್ಲ, ತುಂಗಭದ್ರೆಯ ದಡದವರ ಮಾತಿಗೆ ಬೆಲೆಯಿರಲಿಲ್ಲ. ಅವನ ಬಾಳನ್ನು ಓದುವ ವಿದ್ಯಾರ್ಥಿಗೆ ಇಂಗ್ಲಿಷರ ವರದಿಗಳೂ ಚಿತ್ರಗಳೂ ಸುಲಭವಾಗಿ ಸಿಗುತ್ತವೆ. ಶೃಂಗೇರಿಯ ಪತ್ರಗಳನ್ನು, ರಾಜೇಂದ್ರನಾಮೆಯನ್ನು, ಕೈಫಿಯತ್ತುಗಳನ್ನು ಅವುಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಕನ್ನಡ ಬಲ್ಲವರದು. ತಾಸಗಾಂವದ ಗೋಪುರವನ್ನು ಮುಂದಿನ ಸಲ ನೋಡುವಾಗ, ಅದನ್ನು ಕಟ್ಟಿಸಿದವನು ನಡೆದು ಬಂದ ದಾರಿಯಲ್ಲಿ ಧಾರವಾಡವೂ ಮೇಲುಕೋಟೆಯೂ ಶ್ರೀರಂಗಪಟ್ಟಣವೂ ಇದ್ದವೆಂಬುದು ನೆನಪಾದರೆ ಸಾಕು. ಓದು ಅಲ್ಲಿಂದಲೇ ಆರಂಭವಾಗಬಹುದು.